ಗೂಟ ಗಟ್ಟಿಯಿರಲಿ

ಭಾಲ್ಕಿ, ಔರಾದಗಳ ರೈತನು ದೇವಣಿ ಎತ್ತನ್ನು ಕಟ್ಟುವ ಮುನ್ನ ಗೂಟವನ್ನು ಅಲುಗಿಸಿ ನೋಡುವನು. ಬೀದರಿನ ದಂತವೈದ್ಯರಿಗೆ ಮಕ್ಕಳ ಸೊಟ್ಟ ಹಲ್ಲಿಗೆ ತಂತಿ ಹಾಕುವಾಗಲೂ ಇದೇ ಎಚ್ಚರ.

ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ಟು, ದವಡೆ ಹಲ್ಲಿಗೆ ತೊಡಿಸಿದ ಉಕ್ಕಿನ ಪಟ್ಟಿ, ಇವುಗಳಲ್ಲಿ ಹಾಯ್ದ ಬಿಲ್ಲಿನಂಥ ತಂತಿ, ಅದನ್ನು ಬಿಗಿಹಿಡಿಯುವ ರಬ್ಬರ್ ಬಳೆ—ಸಾಮಗ್ರಿ ಇಷ್ಟೇ. 1928ರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲ್ ವಿವರಿಸಿದ ಆಯತ ಸೀಳಿನ ಬ್ರ್ಯಾಕೆಟ್ಟೇ ಇಂದಿನವುಗಳ ಮೂಲ.

ಮುಂದಿನ ಹಲ್ಲನ್ನು ಹಿಂದಕ್ಕೆಳೆದಷ್ಟೇ ಬಲ ದವಡೆ ಹಲ್ಲನ್ನು ಮುಂದಕ್ಕೆಳೆಯುವುದು. ನ್ಯೂಟನ್ನನ ನಿಯಮಕ್ಕೆ ಬಾಯಿಯೂ ಹೊರತಲ್ಲ. ಆದುದರಿಂದ ಬೇರು ಹೆಚ್ಚುಳ್ಳ ದವಡೆ ಹಲ್ಲುಗಳನ್ನು ಜೊತೆಗೂಡಿಸುವರು. ಸಾಲದಿದ್ದರೆ ಎಲುಬಿಗೇ ಪುಟ್ಟ ತಿರುಪುಮೊಳೆ ಹೂಡುವರು. ಈ ಗೂಟವೇ ಸರಿದರೆ, ಒಳ್ಳೆಯ ಹಲ್ಲು ಕೀಳಿಸಿ ಪಡೆದ ತೆರವು ವ್ಯರ್ಥ.

ಸಡಿಲವಾದ ಪಟ್ಟಿ ಮಗುವನ್ನು ನೋಯಿಸದೆಯೂ ಇರಬಹುದು. ನೋವಿಲ್ಲವೆಂದು ಬೀದರಿನ ಬಸ್ಸನ್ನು ತಪ್ಪಿಸುವ ತಾಯ್ತಂದೆಯರು ಇದನ್ನು ಮರೆಯಬಾರದು.