ಸೀಲು ಸೋರಿದರೆ ಬೇರಿಂಗನ್ನೂ ನೋಡಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಿಸಿಲು, ಧೂಳು ಎಲ್ಲರಿಗೂ ಗೊತ್ತು. ಇಲ್ಲಿ ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರಿಗೆ ಗೇರ್‌ಬಾಕ್ಸ್ ಕೆಟ್ಟಿತೆಂದರೆ ದುಡಿಮೆಯೇ ನಿಂತಂತೆ. ಈ ಕೆಡುಕು ಬಹಳ ಸಲ ನೆಲಕ್ಕೆ ಬಿದ್ದ ಎಣ್ಣೆಯ ಒಂದು ಹನಿಯಿಂದ ಆರಂಭವಾಗುತ್ತದೆ.

ಆಯಿಲ್ ಸೀಲ್ ಎಂಬುದು ತಿರುಗುವ ಶಾಫ್ಟನ್ನು ಅಪ್ಪಿಕೊಂಡಿರುವ ರಬ್ಬರಿನ ತುಟಿ. ಕಾವಿಗೆ ರಬ್ಬರು ಗಟ್ಟಿಯಾಗುತ್ತದೆ, ಧೂಳು ಶಾಫ್ಟಿನ ಮೇಲೆ ಗೆರೆ ಕೊರೆಯುತ್ತದೆ. ಆದರೆ ಬೇರಿಂಗ್ ಸವೆದು ಶಾಫ್ಟು ಅಲುಗಾಡುತ್ತಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಅದು ಮತ್ತೆ ಸೋರುತ್ತದೆ. ಗೇರ್‌ಬಾಕ್ಸಿನ ಗಾಳಿ ಕಿಂಡಿಯಾದ ಬ್ರೀದರ್ ಕಟ್ಟಿಕೊಂಡರೂ ಒಳಗಿನ ಒತ್ತಡ ಎಣ್ಣೆಯನ್ನು ಹೊರಕ್ಕೆ ದಬ್ಬುತ್ತದೆ. ಎಣ್ಣೆ ಕಡಿಮೆಯಾದಂತೆ ಬೇರಿಂಗು, ಅದರ ಬೆನ್ನಿಗೇ ಗೇರಿನ ಹಲ್ಲುಗಳು ಹಾಳಾಗುತ್ತವೆ.

ರೋಗವನ್ನು ಕಿವಿಯಿಂದಲೂ ಗುರುತಿಸಬಹುದು. ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ. ಆಗ ಕೇಳುವ ಗೊರಗೊರ ಸದ್ದು ಕ್ಲಚ್ ತುಳಿದೊಡನೆ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗನ್ನು ಸಂಶಯಿಸಬೇಕು. ಕ್ಲಚ್ ತುಳಿದಾಗಲೇ ಸದ್ದು ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನು ನೋಡಬೇಕು.

ಬೇರಿಂಗಿನ ಮೇಲೆ ಕೊರೆದ ಸಂಖ್ಯೆಯಲ್ಲಿ ಶಾಲೆಯ ಗಣಿತವೇ ಇದೆ. 6205 ಎಂದಿದ್ದರೆ ಕೊನೆಯ ಎರಡು ಅಂಕೆ 05ನ್ನು 5ರಿಂದ ಗುಣಿಸಿ: ಒಳರಂಧ್ರ 25 ಮಿ.ಮೀ. 6206 ಆದರೆ 30 ಮಿ.ಮೀ. ಈ ಲೆಕ್ಕ 04ರಿಂದ ಮೇಲಿನ ಅಂಕೆಗಳಿಗೆ ಅನ್ವಯಿಸುತ್ತದೆ.

ಜೋಡಿಸುವಾಗ ಒಂದು ನಿಯಮ ಮರೆಯಬಾರದು. ಬೇರಿಂಗನ್ನು ಶಾಫ್ಟಿಗೆ ಕೂಡಿಸುವಾಗ ಒಳಬಳೆಯನ್ನು ಒತ್ತಬೇಕು, ಕವಚಕ್ಕೆ ಕೂಡಿಸುವಾಗ ಹೊರಬಳೆಯನ್ನು. ತಪ್ಪು ಬಳೆಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಗುಂಡುಗಳು ದಾರಿಯಲ್ಲಿ ಗುಳಿ ಮಾಡಿ, ಹೊಸ ಬೇರಿಂಗು ಅಂದೇ ಹಳತಾಗುತ್ತದೆ. ಸೀಲಿನ ತುಟಿಗೆ ಎಣ್ಣೆ ಸವರಿ, ಸ್ಪ್ರಿಂಗ್ ಇರುವ ಮಗ್ಗುಲನ್ನು ಎಣ್ಣೆಯ ಕಡೆಗಿಟ್ಟು, ಸೊಟ್ಟಾಗದಂತೆ ಕೂಡಿಸಬೇಕು. ಕಾರಿನ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ, ಹೇಳಿದ ಮಟ್ಟಕ್ಕೆ ತುಂಬಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಕೂಡದು. ಗಟ್ಟಿಯಾದ ಸ್ಟ್ಯಾಂಡ್ ಇರಲೇಬೇಕು.

ಇದನ್ನು ಕ್ರಮವಾಗಿ ಕಲಿಯಬಯಸುವವರಿಗೆ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿರಬೇಕು, ಅವಧಿ 2 ವರ್ಷ. ಬಳಿಕ 1961ರ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆಯುತ್ತ ಕೈಕೆಲಸದಲ್ಲಿ ಪಳಗಬಹುದು. ಸೇರುವ ಮುನ್ನ ಸಂಸ್ಥೆಗೆ ಮಾನ್ಯತೆ ಇದೆಯೇ, ಕಾರ್ಯಾಗಾರದಲ್ಲಿ ಬಿಚ್ಚಿ ಜೋಡಿಸಲು ಗೇರ್‌ಬಾಕ್ಸ್ ಇದೆಯೇ ಎಂದು ಪಾಲಕರು ಸ್ವತಃ ಹೋಗಿ ನೋಡಬೇಕು.

ಓದಿನಲ್ಲಿ ಹಿಂದುಳಿದವರಿಗೆ ಗ್ಯಾರೇಜು ಎಂಬ ಮಾತನ್ನು ಬಿಡೋಣ. ಸೀಲು ಬದಲಿಸಲು ಕೈ ಸಾಕು. ಅದು ಏಕೆ ಸೋರಿತು ಎಂದು ತಿಳಿಯಲು ಓದು ಬೇಕು. ಗಿರಾಕಿ ಮತ್ತೆ ನಂಬಿ ಬರುವುದು ಕಾರಣ ತಿಳಿದು ಕೆಲಸ ಮಾಡುವವರ ಬಳಿಗೇ.