ಹುಟ್ಟಿದ ಮೇಲೂ ಕಟ್ಟಲ್ಪಡುವ ಹೃದಯ

ಗರ್ಭದಲ್ಲಿಯೇ ಶಿಶುವಿನ ಅಂಗಾಂಗಗಳ ರಚನೆ ಮುಗಿಯುತ್ತದೆ, ಹೊರಗೆ ಬಂದ ಮೇಲೆ ಅವು ದೊಡ್ಡವಾಗುವುದಷ್ಟೇ ಉಳಿದಿರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಹೃದಯದ ಮಟ್ಟಿಗೆ ಇದು ಅರ್ಧಸತ್ಯ. ಜನನಾನಂತರದ ಮೊದಲ ದಿನಗಳಲ್ಲಿ ಹೃದಯವು ಒಳಗಿನಿಂದ ಮತ್ತೊಮ್ಮೆ ಕಟ್ಟಲ್ಪಡುತ್ತದೆ. ನಮ್ಮ ಕುಂದೂರು, ಆಲೂರು, ಸಕಲೇಶಪುರದ ಮಲೆಸೀಮೆಯಲ್ಲಿ ಶಿಶುವು ಆ ದಿನಗಳನ್ನು ಬಾಣಂತಿ ಕೋಣೆಯ ಬೆಚ್ಚನೆಯ ಮಬ್ಬಿನಲ್ಲಿ ಕಳೆಯುತ್ತದೆ. ಆದ್ದರಿಂದಲೇ ಈ ವಿಷಯವನ್ನು ಭಕ್ತಬಂಧುಗಳ ಮುಂದಿಡುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಗರ್ಭಸ್ಥ ಶಿಶು ಉಸಿರಾಡುವುದಿಲ್ಲ. ಅದರ ರಕ್ತವು ಶ್ವಾಸಕೋಶವನ್ನು ಬಹುಪಾಲು ಬದಿಗಿರಿಸಿ, ಹೃದಯದ ಮೇಲ್ಕೋಣೆಗಳ ನಡುವಿನ ಒಂದು ಕಿಂಡಿಯ ಮೂಲಕವೂ ಮಹಾಧಮನಿಗೆ ಸೇರುವ ಒಂದು ಅಡ್ಡನಾಳದ ಮೂಲಕವೂ ಹರಿಯುತ್ತದೆ. ಮೊದಲ ಅಳುವಿನೊಡನೆ ಶ್ವಾಸಕೋಶ ಅರಳುತ್ತದೆ, ಕಿಂಡಿಯ ಪರದೆ ಒತ್ತಿ ಮುಚ್ಚುತ್ತದೆ, ಅಡ್ಡನಾಳವು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಸಂಕುಚಿತವಾಗುತ್ತದೆ. ಅಲ್ಲಿಯವರೆಗೆ ಹಗುರ ಹೊರೆ ಹೊತ್ತಿದ್ದ ಎಡ ಹೃತ್ಕುಕ್ಷಿಯು ಇಡೀ ದೇಹಕ್ಕೆ ರಕ್ತ ತಳ್ಳುವ ಭಾರವನ್ನು ಒಮ್ಮೆಲೇ ಹೊರಬೇಕಾಗುತ್ತದೆ.

ಈ ಭಾರಕ್ಕೆ ಹೃದಯವನ್ನು ಅಣಿಗೊಳಿಸುವವು ಕೇವಲ ಮಿಡಿಯುವ ಸ್ನಾಯುಕೋಶಗಳಲ್ಲ. ಅವುಗಳ ನಡುವೆ ಮಿಡಿಯದ, ಸದ್ದಿಲ್ಲದ ಇನ್ನೊಂದು ಕೋಶಸಮೂಹವಿದೆ. ವೈದ್ಯಶಾಸ್ತ್ರವು ಅವನ್ನು ಫೈಬ್ರೋಬ್ಲಾಸ್ಟ್ ಎನ್ನುತ್ತದೆ. ನಾವು ನಾರುಕೋಶಗಳೆಂದು ಕರೆಯೋಣ. ಕೊಲಾಜೆನ್ ಮೊದಲಾದ ನಾರುಗಳನ್ನು ನೇಯ್ದು, ಸ್ನಾಯುಕೋಶಗಳನ್ನು ಒಂದಕ್ಕೊಂದು ಬಂಧಿಸುವ ಸಂಯೋಜಕ ಅಂಗಾಂಶವನ್ನು ಕಟ್ಟುವುದು ಅವುಗಳ ಕೆಲಸ. ಮೆಣಸಿನ ಬಳ್ಳಿಗೆ ಹಾಲುವಾಣದ ಮರ ಆಸರೆಯಾಗುವಂತೆ ಇವು ಸ್ನಾಯುಕೋಶಗಳಿಗೆ ಆಸರೆ ಎಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಇವು ಬರಿಯ ಆಸರೆಯಲ್ಲ. ಬಳ್ಳಿ ಎಂದು ಚಿಗುರಬೇಕು, ಎಂದು ಬಲಿಯಬೇಕು ಎಂಬುದನ್ನೂ ಹೇಳಿಕೊಡುವ ಆಸರೆ.

2009ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಕೋಶಗಳಲ್ಲಿ ಇದನ್ನು ತೋರಿಸಿದರು. ಭ್ರೂಣಾವಸ್ಥೆಯ ನಾರುಕೋಶಗಳು ಸ್ನಾಯುಕೋಶಗಳನ್ನು ವಿಭಜನೆಗೆ ಪ್ರೇರೇಪಿಸಿದರೆ, ಪ್ರಾಯದ ನಾರುಕೋಶಗಳು ಅವನ್ನು ಗಾತ್ರದಲ್ಲಿ ಹಿಗ್ಗುವಂತೆ ಮಾಡುತ್ತವೆ. 2011ರಲ್ಲಿ ಡಲ್ಲಾಸ್ ನಗರದ ಸಂಶೋಧಕರು ಒಂದು ದಿನದ ಇಲಿಮರಿಯ ಹೃದಯದ ತುದಿಯನ್ನು ಕತ್ತರಿಸಿದಾಗ ಅದು ಮೂರು ವಾರಗಳಲ್ಲಿ ಮರಳಿ ಬೆಳೆಯಿತು. ಏಳು ದಿನದ ಮರಿಯಲ್ಲಿ ಬೆಳೆಯದೆ ಕಲೆಗಟ್ಟಿತು. 2020ರಲ್ಲಿ ಸಿನ್ಸಿನಾಟಿಯ ತಂಡವು, ಹುಟ್ಟಿದ ಮೊದಲ ವಾರದಲ್ಲಿ ಕೆಲಸಮಾಡುವ ಒಂದು ವಿಶಿಷ್ಟ ನಾರುಕೋಶ ಗುಂಪನ್ನು ತೆಗೆದುಹಾಕಿದರೆ ಇಲಿಮರಿಯ ಸ್ನಾಯುಕೋಶಗಳು ಸರಿಯಾಗಿ ಬಲಿಯುವುದಿಲ್ಲ, ಹೃದಯಕ್ಕೆ ನರತಂತುಗಳೂ ಸರಿಯಾಗಿ ಹಬ್ಬುವುದಿಲ್ಲ ಎಂದು ಕಂಡಿತು. ಇವು ಇಲಿಗಳ ಮೇಲಿನ ಪ್ರಯೋಗಗಳು; ಮನುಷ್ಯಶಿಶುವಿಗೆ ದಿನಗಳ ಲೆಕ್ಕ ಹಾಗೆಯೇ ಅನ್ವಯಿಸದು. ಆದರೆ ಹೃದಯಕ್ಕೊಂದು ಹದಕಾಲವಿದೆ, ಅದು ಕಾಯುವುದಿಲ್ಲ ಎಂಬ ಪಾಠ ಸ್ಪಷ್ಟ.

ಇಲ್ಲಿ ಆಯುರ್ವೇದ ವೈದ್ಯರಾದ ನಮ್ಮನ್ನು ಒಂದು ಪ್ರಶ್ನೆ ಕೇಳಲಾಗುತ್ತದೆ: ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇರಲಿಲ್ಲವೇ? ಸುಶ್ರುತಾಚಾರ್ಯರು ಮಾಂಸಧರಾ ಕಲೆಯನ್ನು ವಿವರಿಸುವಾಗ, ಕೆಸರುನೀರಿನಲ್ಲಿ ತಾವರೆಯ ದಂಟುಗಳು ಹಬ್ಬುವಂತೆ ಮಾಂಸದಲ್ಲಿ ಸಿರೆ, ಸ್ನಾಯುಗಳು ಹಬ್ಬುತ್ತವೆ ಎಂದಿದ್ದಾರೆ. ಹೃದಯವನ್ನು ತಾಯಿಯಿಂದ ಬರುವ ಭಾವಗಳಲ್ಲಿ ಎಣಿಸಿ, ಗರ್ಭಿಣಿಯನ್ನು ಎರಡು ಹೃದಯದವಳೆಂದು ಗೌರವಿಸಿದ್ದಾರೆ. ಬರಿಗಣ್ಣಿನ ಕಾಲದಲ್ಲಿ ಇದು ಅಸಾಧಾರಣ ದೃಷ್ಟಿ. ಆದರೆ ಸೂಕ್ಷ್ಮದರ್ಶಕವಿಲ್ಲದೆ ಕೋಶಗಳನ್ನು ಅವರು ಕಂಡಿದ್ದರೆಂದು ಹೇಳಿದರೆ ಆಚಾರ್ಯರಿಗೆ ಗೌರವ ಸಲ್ಲುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದವರು ಅವರು. ನಾವೂ ಹಾಗೆಯೇ ಹೇಳಬೇಕು.

ಹಾಗೆ ಹೇಳುವುದಾದರೆ, ಹುಟ್ಟುಹೃದ್ರೋಗಕ್ಕೆ ನಮ್ಮ ಕಷಾಯ, ಲೇಹ್ಯಗಳಲ್ಲಿ ಮದ್ದಿಲ್ಲ. ಸಾವಿರ ಶಿಶುಗಳಲ್ಲಿ ಸುಮಾರು ಎಂಟು ಒಂಬತ್ತಕ್ಕೆ ಇಂತಹ ದೋಷವಿರುತ್ತದೆ. ಹೃದಯದ ಸಣ್ಣ ರಂಧ್ರಗಳು ಹಲವು ವೇಳೆ ತಾವಾಗಿಯೇ ಮುಚ್ಚುತ್ತವೆ. ಆಗ ಯಾರ ಔಷಧ ನಡೆಯುತ್ತಿತ್ತೋ ಅವರಿಗೆ ಕೀರ್ತಿ ಬರುತ್ತದೆ. ಆ ಕೀರ್ತಿಯನ್ನು ನಂಬಿ ಮುಂದಿನ ಮಗುವನ್ನು ಅದೇ ಬಾಗಿಲಿಗೆ ಒಯ್ದರೆ ಪ್ರಾಣವೇ ಹೋಗಬಹುದು. ಮಹಾಧಮನಿಯೂ ಶ್ವಾಸಕೋಶ ಧಮನಿಯೂ ಅದಲುಬದಲಾಗಿ ಹುಟ್ಟಿದ ಶಿಶುವನ್ನು ನೋಡಿರಿ. ಅದರ ಎಡ ಹೃತ್ಕುಕ್ಷಿಗೆ ಭಾರ ಬೀಳದೆ, ವಾರಗಳು ಕಳೆದಂತೆ ಅದು ಬಲಗುಂದುತ್ತದೆ. ಆದ್ದರಿಂದ ಧಮನಿಗಳನ್ನು ಸರಿಸ್ಥಾನಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿಯೇ ಮಾಡುತ್ತಾರೆ. ದೃಷ್ಟಿ ತೆಗೆಸಿ, ಬಾಲಗ್ರಹವೆಂದು ಯಂತ್ರ ಕಟ್ಟಿಸಿ ತಿಂಗಳು ಕಳೆದರೆ ಆ ಹದಕಾಲ ತಪ್ಪುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಹೆರಿಗೆಯಾದ 24 ಗಂಟೆಗಳ ಬಳಿಕ, ಮನೆಗೆ ಹೊರಡುವ ಮೊದಲು, ಪ್ರತಿ ಶಿಶುವಿನ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಇಟ್ಟು ನೋಡುವಂತೆ ಕುಟುಂಬದವರು ಕೇಳಬೇಕು. ಆಮ್ಲಜನಕದ ಪ್ರಮಾಣ 95ಕ್ಕಿಂತ ಕಡಿಮೆಯಿದ್ದರೆ ಅಥವಾ ಕೈಕಾಲುಗಳ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ ಮುಂದಿನ ಪರೀಕ್ಷೆ ಆಗಲೇಬೇಕು. ಕೆಲವು ನಿಮಿಷಗಳ, ನೋವಿಲ್ಲದ ಪರೀಕ್ಷೆಯಿದು. ಇದು ಎಲ್ಲ ದೋಷಗಳನ್ನೂ ಹಿಡಿಯದು. ಆದ್ದರಿಂದ ಮನೆಯಲ್ಲೂ ಕಣ್ಣಿರಬೇಕು. ತುಟಿ, ನಾಲಿಗೆ ನೀಲಿಗಟ್ಟುವುದು, ಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೇ ದಣಿದು ಬಿಡುವುದು, ಉಸಿರು ಮೇಲೆಳೆಯುವುದು, ತೂಕ ಏರದಿರುವುದು—ಇವು ಕಂಡರೆ ಬಾಣಂತನ ಮುಗಿಯಲೆಂದು ಕಾಯಬಾರದು. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು ಶಿಶುವನ್ನು ನೋಡುವ ವ್ಯವಸ್ಥೆಯಿದೆ. ತೋಟದ ಲೈನುಮನೆಯಾಗಲಿ, ಗುಡ್ಡದಾಚೆಯ ಒಂಟಿಮನೆಯಾಗಲಿ, ಮೈಲಿಗೆಯ ನೆಪದಿಂದ ಅವರನ್ನು ಬಾಗಿಲಲ್ಲೇ ನಿಲ್ಲಿಸಬಾರದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಹೃದ್ರೋಗದ ತಪಾಸಣೆಯೂ ಸೇರಿದೆ. ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯವರೆಗೆ ದಾರಿ ಇದೆ. ಆ ದಾರಿಗೆ ಬೇಗ ಇಳಿಯಬೇಕಾದವರು ನಾವು.

ಮದುವೆಯ ಮಾತಾಡುವ ಹಿರಿಯರಿಗೂ ಒಂದು ಬಿನ್ನಹ. ರಕ್ತಸಂಬಂಧದ ವಿವಾಹಗಳಿಂದ ಹುಟ್ಟುಹೃದ್ರೋಗದ ಸಂಭವ ಹೆಚ್ಚುತ್ತದೆ ಎಂಬುದನ್ನು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆಸ್ತಿ ಹೊರಗೆ ಹೋಗದಿರಲೆಂದು ಸೋದರಮಾವನಿಗೆ ಹೆಣ್ಣು ಕೊಡುವ ಮುನ್ನ ಇದನ್ನು ನೆನೆಯಬೇಕು. ಗರ್ಭಿಣಿಯರ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಹೆಣ್ಣುಮಕ್ಕಳಿಗೆ ಗರ್ಭಧಾರಣೆಗೆ ಮುನ್ನವೇ ರುಬೆಲ್ಲಾ ಲಸಿಕೆ ಕೊಡಿಸುವುದು ಇವೂ ಶಿಶುಹೃದಯದ ರಕ್ಷಣೆಯೇ.

ಎಣ್ಣೆ ನೀರು, ಬೆಚ್ಚನೆಯ ಹಾಸಿಗೆ, ತಾಯಿಯ ಎದೆಹಾಲು—ನಮ್ಮ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ಅದರ ಜೊತೆಗೆ ಒಂದು ಪರೀಕ್ಷೆಯನ್ನೂ ಒಂದಿಷ್ಟು ಎಚ್ಚರವನ್ನೂ ಸೇರಿಸಿಕೊಂಡರೆ ಸಾಕು. ಶಿಶುವಿನ ಎದೆಯೊಳಗೆ ನಾರುಕೋಶಗಳು ಹಗಲಿರುಳು ತಮ್ಮ ಕಾಯಕದಲ್ಲಿ ತೊಡಗಿರುವಾಗ, ಹೊರಗಿರುವ ನಾವು ನಮ್ಮ ಪಾಲಿನದನ್ನು ನಾಳೆಗೆ ಮುಂದೂಡುವುದು ತರವಲ್ಲ.