ವಯಸ್ಕರ ತಂಬಾಕು ಸೇವನೆ ಸಮೀಕ್ಷೆಗಳು: ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ದೃಷ್ಟಿಯಿಂದ ಒಂದು ಅವಲೋಕನ

ಪೀಠಿಕೆ

ತಂಬಾಕು ನಿಯಂತ್ರಣ ಕಾರ್ಯಕ್ರಮಗಳನ್ನು ರೂಪಿಸಲು ಸಮೀಕ್ಷೆಗಳ ಅಂಕಿ-ಅಂಶಗಳೇ ಆಧಾರ. ಭಾರತದಲ್ಲಿ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯನ್ನು 2009-10 ಮತ್ತು 2016-17ರಲ್ಲಿ ಕೈಗೊಳ್ಳಲಾಯಿತು. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಪರವಾಗಿ ಮೊದಲನೆಯದನ್ನು ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆಯೂ, ಎರಡನೆಯದನ್ನು ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆಯೂ ನಿರ್ವಹಿಸಿದವು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರಗಳು ತಾಂತ್ರಿಕ ನೆರವು ನೀಡಿದವು.

ರಾಜ್ಯದ ಚಿತ್ರಣ

ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರ ಪೈಕಿ ತಂಬಾಕು ಬಳಸುವವರ ಪ್ರಮಾಣವು ಈ ಎರಡು ಸಮೀಕ್ಷೆಗಳ ನಡುವೆ ಶೇ. 28.2ರಿಂದ ಶೇ. 22.8ಕ್ಕೆ ಇಳಿದಿದೆ. 2016-17ರಲ್ಲಿ ಧೂಮಪಾನಿಗಳು ಶೇ. 8.8 ಇದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ. 16.3 ಇದ್ದರು. ಇವೆರಡನ್ನೂ ಕೂಡಿದರೆ ಶೇ. 25.1 ಆಗುತ್ತದೆ. ಒಟ್ಟು ಪ್ರಮಾಣಕ್ಕಿಂತ ಹೆಚ್ಚಾಗಿರುವ ಶೇ. 2.3ರಷ್ಟು ಮಂದಿ ಎರಡೂ ಬಗೆಯ ತಂಬಾಕನ್ನು ಬಳಸುವವರು. ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು ಎಂಬುದು ಇಲ್ಲಿ ಗಮನಾರ್ಹ ಅಂಶವಾಗಿರುತ್ತದೆ.

ಉತ್ತರಿಸುವವರು ಯಾರು?

ಸದರಿ ಸಮೀಕ್ಷೆಯು ರಾಜ್ಯಮಟ್ಟದ ಅಂದಾಜನ್ನು ನೀಡುತ್ತದೆಯೇ ಹೊರತು ಜಿಲ್ಲೆಯದನ್ನಲ್ಲ. ಜಿಲ್ಲಾವಾರು ಮಾಹಿತಿಯು 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. ಆದರೆ ಅದರಲ್ಲಿಯೂ ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ಪ್ರತ್ಯೇಕ ಲೆಕ್ಕವಿಲ್ಲ.

ಎರಡು ಸಮೀಕ್ಷೆಗಳ ವಿಧಾನವೂ ಬೇರೆ. ಮೊದಲನೆಯದರಲ್ಲಿ ಪ್ರತಿ ಮನೆಯಿಂದ ಯಾದೃಚ್ಛಿಕವಾಗಿ ಆಯ್ಕೆಯಾದ ಒಬ್ಬರನ್ನೇ ನೇರವಾಗಿ ಪ್ರಶ್ನಿಸಲಾಗುತ್ತದೆ. ಎರಡನೆಯದರಲ್ಲಿ 15 ವರ್ಷ ಮೇಲ್ಪಟ್ಟವರೆಲ್ಲರ ತಂಬಾಕು ಬಳಕೆಯ ಬಗ್ಗೆ ಮನೆಯ ಒಬ್ಬ ಸದಸ್ಯರು ಉತ್ತರಿಸುತ್ತಾರೆ. ರಾಜ್ಯದ ಪುರುಷರಲ್ಲಿ ಮೊದಲನೆಯದು ಶೇ. 35.2 ಎಂದರೆ ಎರಡನೆಯದು ಶೇ. 27.1 ಎನ್ನುತ್ತದೆ, ಮಹಿಳೆಯರಲ್ಲಿ ಕ್ರಮವಾಗಿ ಶೇ. 10.3 ಮತ್ತು ಶೇ. 8.5. ನಡುವಿನ ವರ್ಷಗಳಲ್ಲಿ ಬಳಕೆ ಇಳಿದಿರಬಹುದು. ಮಗನ ಗುಟ್ಕಾ ವಿಷಯ ತಾಯಿಗೆ ತಿಳಿಯದೆ ಇದ್ದಿರಲೂಬಹುದು. ಆದುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಿ ಇಳಿಕೆಯೆಂದು ತೀರ್ಮಾನಿಸುವುದು ಸೂಕ್ತವಲ್ಲ.

ಸ್ಥಳೀಯ ಮಹತ್ವ

ಅಡಿಕೆ ಬೆಳೆಯುವ ಈ ಭಾಗದಲ್ಲಿ ಎಲೆ-ಅಡಿಕೆ ಊಟದ ನಂತರದ ವಾಡಿಕೆ, ಅತಿಥಿ ಸತ್ಕಾರದ ಅಂಗ. ಅದರೊಡನೆ ಒಂದು ಚೂರು ಹೊಗೆಸೊಪ್ಪು ಸೇರಿಸುವವರು ತಾವು ತಂಬಾಕು ಬಳಸುವವರೆಂದು ಭಾವಿಸದಿರುವ ಸಂಭವವಿದೆ. "ತಂಬಾಕು ಬಳಸುತ್ತೀರಾ?" ಎಂದಷ್ಟೇ ಕೇಳಿದರೆ "ಇಲ್ಲ" ಎಂಬ ಉತ್ತರ ಬರಬಹುದು. ಆದ್ದರಿಂದಲೇ ಜಾಗತಿಕ ಸಮೀಕ್ಷೆಯಲ್ಲಿ ಹೊಗೆಸೊಪ್ಪು ಸಹಿತ ಎಲೆ-ಅಡಿಕೆ, ಖೈನಿ, ಗುಟ್ಕಾಗಳನ್ನು ಪ್ರತ್ಯೇಕವಾಗಿ ಹೆಸರಿಸಿ ಕೇಳಲಾಗುತ್ತದೆ. ಲೆಕ್ಕಕ್ಕೆ ಬಾರದವರಿಗೆ ಬಾಯಿ ತಪಾಸಣೆಯ ಶಿಬಿರವಾಗಲಿ, ಆಪ್ತಸಮಾಲೋಚನೆಯಾಗಲಿ ಯೋಜಿತವಾಗುವುದು ಕಷ್ಟ.

ಸಾರ್ವಜನಿಕರಲ್ಲಿ ಮನವಿ

ಸಮೀಕ್ಷಕರು ಮನೆಗೆ ಬಂದಾಗ, ಆಯ್ಕೆಯಾದವರೇ ಖುದ್ದಾಗಿ ನೈಜ ಮಾಹಿತಿ ನೀಡಿ ಸಹಕರಿಸಲು ಕೋರಲಾಗಿದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ತೆರೆಯಲು ತೊಂದರೆ ಕಂಡುಬಂದಲ್ಲಿ ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ತಂಬಾಕು ತ್ಯಜಿಸಲು ಇಚ್ಛಿಸುವವರು ಉಚಿತ ದೂರವಾಣಿ ಸಂಖ್ಯೆ 1800-11-2356ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದಾಗಿದೆ.